ಫ್ರೆಂಚ್ ಭಾಷೆಯ ಹುಟ್ಟು ಮತ್ತು ಹರವು: ಕನ್ನಡದ ನೆಲೆಯಿಂದ ಒಂದು ನೋಟ

1. ಪೀಠಿಕೆ

ಭಾಷೆಯೊಂದು ತಾನು ಹುಟ್ಟಿದ ನೆಲವನ್ನು ದಾಟಿ ದೂರದೂರದ ನಾಡುಗಳಲ್ಲಿ ನೆಲೆಗೊಳ್ಳುವುದು ಯಾವ ಕಾರಣದಿಂದ? ತನ್ನ ಮಾಧುರ್ಯದಿಂದಲೇ, ವ್ಯಾಕರಣದ ಸ್ಪಷ್ಟತೆಯಿಂದಲೇ, ಸಾಹಿತ್ಯದ ಹಿರಿಮೆಯಿಂದಲೇ ಅಥವಾ ಅದನ್ನಾಡುವವರ ಕೈಯಲ್ಲಿದ್ದ ಅಧಿಕಾರದ ಬಲದಿಂದಲೇ? ಭಾಷಾಧ್ಯಯನದಲ್ಲಿ ತೊಡಗಿದವರೆಲ್ಲರೂ ಒಂದಲ್ಲ ಒಂದು ಸಂದರ್ಭದಲ್ಲಿ ಎದುರಿಸಬೇಕಾದ ಪ್ರಶ್ನೆಯಿದು. ಪ್ರಸ್ತುತ ಲೇಖನದಲ್ಲಿ ಫ್ರೆಂಚ್ ಭಾಷೆಯನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಲು ಯತ್ನಿಸಲಾಗಿದೆ. ಕನ್ನಡದ ಅಧ್ಯಾಪಕನೊಬ್ಬ ಫ್ರೆಂಚ್ ಭಾಷೆಯ ಗೊಡವೆಗೆ ಹೋಗುವುದೇಕೆಂದು ಓದುಗರು ಕೇಳಬಹುದು. ಅದಕ್ಕೊಂದು ಸಣ್ಣ ಕಾರಣವಿದೆ.

ನಾನು ವಾಸವಾಗಿರುವುದು ಚೆನ್ನೈ ನಗರದ ಉತ್ತರದಂಚಿನಲ್ಲಿರುವ ಮಣಲಿಯಲ್ಲಿ. 1969ರಲ್ಲಿ ಕೆಲಸ ಆರಂಭಿಸಿದ ತೈಲ ಶುದ್ಧೀಕರಣ ಕಾರ್ಖಾನೆಯೂ ಅದರ ಸುತ್ತ ಬೆಳೆದ ಇತರ ಕಾರ್ಖಾನೆಗಳೂ ಈ ಊರಿಗೆ ಹಲವು ಭಾಷೆಗಳ ಜನರನ್ನು ಕರೆತಂದಿವೆ. ನಮ್ಮ ಬೀದಿಯಲ್ಲಿ ಉದ್ಯೋಗನಿಮಿತ್ತ ಬಂದು ನೆಲೆಸಿದ ಕನ್ನಡ ಕುಟುಂಬವೊಂದಿದೆ. ಆ ಮನೆಯ ಮಗಳು ಕಾಲೇಜು ಸೇರಿದಾಗ ಮೊದಲ ಭಾಗದ ಭಾಷೆಯಾಗಿ ಫ್ರೆಂಚನ್ನು ಆರಿಸಿಕೊಂಡಳು. ಕನ್ನಡವನ್ನು ಏಕೆ ತೆಗೆದುಕೊಳ್ಳಲಿಲ್ಲವೆಂದು ನಾನು ಕೇಳಿದೆ. “ಕನ್ನಡ ಹೇಗೂ ಮನೆಯಲ್ಲಿದೆಯಲ್ಲ ಮೇಷ್ಟ್ರೇ. ಫ್ರೆಂಚಾದರೆ ಪ್ರಪಂಚದಲ್ಲೆಲ್ಲ ನಡೆಯುತ್ತದೆ, ಅಂಕವೂ ಬರುತ್ತದೆ” ಎಂದಳು. ಅವಳ ಮಾತಿನಲ್ಲಿ ಉದ್ಧಟತನವಿರಲಿಲ್ಲ. ಅದಕ್ಕೆ ತಕ್ಕ ಉತ್ತರ ನನ್ನಲ್ಲಿಯೂ ಇರಲಿಲ್ಲ. ಫ್ರೆಂಚ್ ಪ್ರಪಂಚದಲ್ಲೆಲ್ಲ ಏಕೆ ನಡೆಯುತ್ತದೆ, ಕನ್ನಡ ಏಕೆ ಮನೆಯಲ್ಲಿ ಉಳಿಯುತ್ತದೆ ಎಂಬುದನ್ನು ಆಗ ನನಗೆ ಸರಿಯಾಗಿ ವಿವರಿಸಲಾಗಲಿಲ್ಲ. ಈ ಲೇಖನ ಆ ಉತ್ತರವನ್ನು ಹುಡುಕುವ ಪ್ರಯತ್ನ.

2. ‘ಪರಂಗಿ’ ಎಂಬ ಹೆಸರು

ಫ್ರೆಂಚ್ ಭಾಷೆ ನಮ್ಮ ನಾಡಿಗೆ ಬರುವ ಮೊದಲೇ ಅದರ ಹೆಸರಿನ ಮೂಲವಾದ ಪದ ನಮ್ಮ ಭಾಷೆಗಳನ್ನು ಸೇರಿತ್ತು. ಕ್ರಿ.ಶ. 5ನೆಯ ಶತಮಾನದಲ್ಲಿ ಇಂದಿನ ಫ್ರಾನ್ಸಿನ ಉತ್ತರ ಭಾಗವನ್ನು ಗೆದ್ದು ಆಳತೊಡಗಿದವರು ಫ್ರಾಂಕರೆಂಬ ಜರ್ಮಾನಿಕ್ ಜನ. ಧರ್ಮಯುದ್ಧಗಳ ಕಾಲದಲ್ಲಿ ಅರಬ್ಬರೂ ಪಾರಸಿಕರೂ ಪಶ್ಚಿಮ ಯೂರೋಪಿನವರನ್ನೆಲ್ಲ ಈ ಒಂದೇ ಹೆಸರಿನಿಂದ ಕರೆದರು. ‘ಫರಂಗಿ’, ‘ಫಿರಂಗಿ’ ಎಂಬ ರೂಪಗಳು ಹುಟ್ಟಿದ್ದು ಹೀಗೆ. ಪೋರ್ಚುಗೀಸರು ಭಾರತದ ಕರಾವಳಿಗೆ ಬಂದಾಗ ಈ ಹೆಸರು ಅವರಿಗೆ ಅಂಟಿಕೊಂಡಿತು. ಅವರು ತಂದ ತೋಪು ಕನ್ನಡದಲ್ಲಿ ‘ಫಿರಂಗಿ’ಯಾಯಿತು, ಅವರ ಕಾಲದಲ್ಲಿ ಬಂದ ಹಣ್ಣು ‘ಪರಂಗಿ ಹಣ್ಣು’ ಆಯಿತು. ಚೆನ್ನೈಯಲ್ಲಿ ಸೇಂಟ್ ಥಾಮಸ್ ಗುಡ್ಡವನ್ನು ತಮಿಳರು ಇಂದಿಗೂ ‘ಪರಂಗಿಮಲೈ’ ಎಂದೇ ಕರೆಯುತ್ತಾರೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಫ್ರಾಂಕರು ಗೆದ್ದರೂ ಅವರ ಭಾಷೆ ಉಳಿಯಲಿಲ್ಲ. ನಾಡಿಗೆ ಹೆಸರನ್ನೂ, ಯುದ್ಧವನ್ನು ಸೂಚಿಸುವ ‘ಗೇರ್’ ಮೊದಲಾದ ಒಂದಷ್ಟು ಪದಗಳನ್ನೂ ಕೊಟ್ಟು ಅವರು ತಾವೇ ಸೋತವರ ಮಾತನ್ನು ಕಲಿತರು. ಗೆದ್ದವರ ಭಾಷೆಯೇ ಗೆಲ್ಲುತ್ತದೆಂಬ ಸರಳ ಸೂತ್ರ ಫ್ರೆಂಚಿನ ಮೊದಲ ಪುಟದಲ್ಲಿಯೇ ಮುರಿದುಬೀಳುತ್ತದೆ.

3. ಲ್ಯಾಟಿನ್ನಿನಿಂದ ಫ್ರೆಂಚಿಗೆ

ಆ ಸೋತವರ ಮಾತಾದರೂ ಯಾವುದು? ಕ್ರಿ.ಪೂ. 58ರಿಂದ 50ರವರೆಗೆ ನಡೆದ ಯುದ್ಧಗಳಲ್ಲಿ ಜೂಲಿಯಸ್ ಸೀಸರನು ಗಾಲ್ ಪ್ರದೇಶವನ್ನು ಗೆದ್ದಾಗ ಅಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದದ್ದು ಕೆಲ್ಟಿಕ್ ವರ್ಗಕ್ಕೆ ಸೇರಿದ ಗಾಲಿಷ್ ಭಾಷೆ. ರೋಮನ್ ಸೈನಿಕರು, ವ್ಯಾಪಾರಿಗಳು ಹಾಗೂ ವಲಸೆಗಾರರ ಆಡುಮಾತಾಗಿದ್ದ ಲ್ಯಾಟಿನ್ ಕ್ರಮೇಣ ಅದರ ಸ್ಥಾನವನ್ನು ಆಕ್ರಮಿಸಿತು. ಇದು ವರ್ಜಿಲನ ಕಾವ್ಯದ ಲ್ಯಾಟಿನ್ ಅಲ್ಲ, ಸಂತೆಬೀದಿಯ ಲ್ಯಾಟಿನ್. ಸಂಸ್ಕೃತಕ್ಕೂ ಪ್ರಾಕೃತಗಳಿಗೂ ಇರುವ ಸಂಬಂಧವನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಗ್ರಹಿಸುವುದು ಕಷ್ಟವಾಗಲಾರದು. ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್ ಮತ್ತು ರುಮೇನಿಯನ್ ಭಾಷೆಗಳೂ ಇದೇ ಆಡುಮಾತಿನ ಕವಲುಗಳು.

ಈ ಸೋದರ ಭಾಷೆಗಳಲ್ಲಿ ಧ್ವನಿವ್ಯತ್ಯಾಸಕ್ಕೆ ಅತಿ ಹೆಚ್ಚಾಗಿ ಒಳಗಾದವುಗಳ ಪೈಕಿ ಫ್ರೆಂಚ್ ಪ್ರಮುಖವಾದುದು. ನೀರೆಂಬ ಅರ್ಥದ ‘ಆಕ್ವಾ’ ಎಂಬ ಲ್ಯಾಟಿನ್ ಪದ ಫ್ರೆಂಚಿನಲ್ಲಿ ಸವೆದು ಸವೆದು ‘ಓ’ ಎಂಬ ಒಂದೇ ಸ್ವರವಾಗಿ ಉಳಿದಿದೆ. ಪದಾಂತ್ಯದ ವ್ಯಂಜನಗಳು ಬಹುಮಟ್ಟಿಗೆ ಉಚ್ಚಾರಣೆಯಿಂದ ಮರೆಯಾಗಿ ಬರವಣಿಗೆಯಲ್ಲಿ ಮಾತ್ರ ಉಳಿದಿವೆ. ಇನ್ನೊಂದು ಮುಖ್ಯ ಪರಿವರ್ತನೆ ‘ಅ’ಕಾರದ ಹಿಂದಿನ ‘ಕ’ಕಾರಕ್ಕೆ ಸಂಬಂಧಿಸಿದ್ದು. ಕುದುರೆಯೆಂಬ ಅರ್ಥದ ‘ಕಬಾಲ್ಲುಸ್’ ‘ಷೆವಾಲ್’ ಆಯಿತು. ಹಾಡು ಎಂಬರ್ಥದ ‘ಕಂತಾರೆ’ ‘ಷಾಂತೆ’ ಆಯಿತು. ಬಯಲೆಂಬ ಅರ್ಥದ ‘ಕಂಪುಸ್’ ‘ಷಾಂ’ ಆಯಿತು.

ಚೆನ್ನೈಯಲ್ಲಿ ಬಾಳುವ ಕನ್ನಡಿಗನಿಗೆ ಈ ಬಗೆಯ ವ್ಯತ್ಯಾಸ ಅಪರಿಚಿತವಲ್ಲ. ನಾವು ‘ಕಿವಿ’ ಎನ್ನುವುದನ್ನು ನೆರೆಯವರು ‘ಸೆವಿ’ ಎನ್ನುತ್ತಾರೆ. ನಮ್ಮ ಹಳಗನ್ನಡದ ‘ಕೆಯ್’ ಅವರ ‘ಸೆಯ್’. ನಮ್ಮ ‘ಕಿಱಿದು’ ಅವರ ‘ಸಿಱಿದು’. ಸ್ವರದ ಸನ್ನಿವೇಶ ಬೇರೆಯಾದರೂ ಎರಡೂ ಕಡೆ ನಡೆದದ್ದು ತಾಲವ್ಯೀಕರಣವೇ. ಮೂಲದ ಕಕಾರವನ್ನು ಇಂತಹ ಕಡೆಗಳಲ್ಲಿ ಉಳಿಸಿಕೊಂಡ ಕನ್ನಡ, ಬೇರೊಂದು ಕಡೆ ‘ಪಾಲ್’ ಎಂಬುದನ್ನು ‘ಹಾಲು’ ಮಾಡಿಕೊಂಡಿತು. ತಮಿಳು ಅಲ್ಲಿ ಪಕಾರವನ್ನು ಉಳಿಸಿಕೊಂಡಿತು. ಯಾವ ಭಾಷೆಯೂ ಪೂರ್ಣವಾಗಿ ಹಳೆಯದಲ್ಲ, ಪೂರ್ಣವಾಗಿ ಹೊಸದೂ ಅಲ್ಲ.

4. ಎರಡು ನಾಡುಗಳ ಒಂದೇ ದಶಕ

ಜನರಾಡುವ ಮಾತು ತಾವು ಬರೆಯುವ ಲ್ಯಾಟಿನ್ನಿಗಿಂತ ಬೇರೆಯಾಗಿದೆಯೆಂಬ ಅರಿವು ಪಂಡಿತರಿಗೆ ಮೂಡಲು ಶತಮಾನಗಳೇ ಬೇಕಾದವು. 813ರಲ್ಲಿ ತೂರ್ ಎಂಬಲ್ಲಿ ಸೇರಿದ ಚರ್ಚಿನ ಸಭೆ, ಉಪದೇಶಗಳನ್ನು ಜನರಿಗೆ ತಿಳಿಯುವ ‘ಹಳ್ಳಿಗರ ರೋಮನ್’ ಮಾತಿನಲ್ಲಿ ಅಥವಾ ಜರ್ಮಾನಿಕ್ ಮಾತಿನಲ್ಲಿ ನೀಡಬೇಕೆಂದು ಪಾದ್ರಿಗಳಿಗೆ ವಿಧಿಸಿತು. 842ರ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗ್ ನಗರದಲ್ಲಿ ಶಾರ್ಲ್‌ಮೇನ್ ಚಕ್ರವರ್ತಿಯ ಇಬ್ಬರು ಮೊಮ್ಮಕ್ಕಳು ತಮ್ಮ ಅಣ್ಣನ ವಿರುದ್ಧ ಒಂದಾಗಿ ನಿಲ್ಲುವುದಾಗಿ ಪ್ರತಿಜ್ಞೆ ಮಾಡಿದರು. ಪೂರ್ವಭಾಗದ ದೊರೆ ಲೂಯಿ, ತಮ್ಮನ ಸೈನಿಕರಿಗೆ ತಿಳಿಯಲೆಂದು ಅವರ ರೋಮಾನ್ಸ್ ಮಾತಿನಲ್ಲಿ ಪ್ರಮಾಣ ಮಾಡಿದ. ಪಶ್ಚಿಮಭಾಗದ ದೊರೆ ಶಾರ್ಲ್ ಅಣ್ಣನ ಸೈನಿಕರಿಗಾಗಿ ಅವರ ಜರ್ಮಾನಿಕ್ ಮಾತಿನಲ್ಲಿ ಪ್ರಮಾಣ ಮಾಡಿದ. ನಿಥಾರ್ಡ್ ಎಂಬ ಚರಿತ್ರಕಾರ ತನ್ನ ಲ್ಯಾಟಿನ್ ಗ್ರಂಥದಲ್ಲಿ ಈ ಮಾತುಗಳನ್ನು ಆಡಿದ ರೂಪದಲ್ಲಿಯೇ ದಾಖಲಿಸಿದ. ಫ್ರೆಂಚ್ ಭಾಷೆಯ ಅತಿ ಹಳೆಯ ಪಠ್ಯವೆಂದು ವಿದ್ವಾಂಸರು ಪರಿಗಣಿಸುವುದು ಈ ಪ್ರಮಾಣವಚನದ ಕೆಲವು ಸಾಲುಗಳನ್ನೇ.

ಇದೇ ಸಮಯದಲ್ಲಿ ನಮ್ಮ ನಾಡಿನಲ್ಲಿ ಏನು ನಡೆಯುತ್ತಿತ್ತು? ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನು 814ರಿಂದ 878ರವರೆಗೆ ಆಳಿದನು. ಅವನ ಆಸ್ಥಾನದಲ್ಲಿ ಶ್ರೀವಿಜಯನು ‘ಕವಿರಾಜಮಾರ್ಗ’ವನ್ನು ರಚಿಸಿದ್ದು ಸುಮಾರು 850ರಲ್ಲಿ. ಫ್ರೆಂಚ್ ಭಾಷೆ ಸೈನಿಕರ ಮುಂದೆ ಮೊದಲ ವಾಕ್ಯಗಳನ್ನು ತೊದಲುತ್ತಿದ್ದ ದಶಕದ ಆಸುಪಾಸಿನಲ್ಲಿಯೇ ಕನ್ನಡ ತನ್ನ ಕಾವ್ಯಲಕ್ಷಣವನ್ನು, ತನ್ನ ಪ್ರಾದೇಶಿಕ ಭೇದಗಳನ್ನು, ತನ್ನ ಹಿಂದಿನ ಕವಿಗಳನ್ನು ಕುರಿತು ಚರ್ಚಿಸುತ್ತಿತ್ತು. ಹಲ್ಮಿಡಿ ಶಾಸನ ಅದಕ್ಕಿಂತಲೂ ಸುಮಾರು ನಾಲ್ಕು ಶತಮಾನ ಹಿಂದಿನದು. ದಕ್ಷಿಣ ಏಷ್ಯ ಮತ್ತು ಯೂರೋಪುಗಳಲ್ಲಿ ದೇಶಭಾಷೆಗಳು ತಲೆಯೆತ್ತಿದ ಬಗೆಯನ್ನು ಹೋಲಿಸಿ ಶೆಲ್ಡನ್ ಪೊಲಾಕ್ ಅವರು 2006ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕನ್ನಡಕ್ಕೆ ಕೇಂದ್ರಸ್ಥಾನ ದೊರೆತಿರುವುದು ಆಕಸ್ಮಿಕವಲ್ಲ. ಮದರಾಸು ವಿಶ್ವವಿದ್ಯಾನಿಲಯವೇ 1930ರಲ್ಲಿ ‘ಕವಿರಾಜಮಾರ್ಗ’ದ ಒಂದು ಸಂಪಾದನೆಯನ್ನು ಪ್ರಕಟಿಸಿತೆಂಬುದನ್ನೂ ಇಲ್ಲಿ ಸ್ಮರಿಸಬಹುದು.

ಹೀಗೆ ಹೋಲಿಸುವುದು ನಮ್ಮ ಹಿರಿಮೆಯನ್ನು ಕೊಚ್ಚಿಕೊಳ್ಳುವುದಕ್ಕಲ್ಲ. ಹಳಮೆಯಾಗಲಿ ಸಾಹಿತ್ಯಸಂಪತ್ತಾಗಲಿ ಭಾಷೆಯ ಹರವನ್ನು ನಿರ್ಧರಿಸುವುದಿಲ್ಲ ಎಂಬ ಮಾತು ಇದರಿಂದ ಖಚಿತವಾಗುತ್ತದೆ. ಮುಂದಿನ ಸಾವಿರ ವರ್ಷಗಳಲ್ಲಿ ಫ್ರೆಂಚಿಗೆ ದೊರೆತು ಕನ್ನಡಕ್ಕೆ ದೊರೆಯದಿದ್ದುದು ಬೇರೇನೋ ಇರಬೇಕು.

5. ಕಚೇರಿ, ಕೋಶ ಮತ್ತು ಶಾಲೆ

ಮಧ್ಯಯುಗದ ಫ್ರಾನ್ಸಿನಲ್ಲಿ ಒಂದೇ ಭಾಷೆ ಇರಲಿಲ್ಲ. ‘ಹೌದು’ ಎನ್ನುವುದಕ್ಕೆ ‘ಓಯಿಲ್’ ಎನ್ನುವ ಉತ್ತರದ ಮಾತುಗಳು ಒಂದು ಕಡೆ, ‘ಓಕ್’ ಎನ್ನುವ ದಕ್ಷಿಣದ ಮಾತುಗಳು ಇನ್ನೊಂದು ಕಡೆ. ದಕ್ಷಿಣದ ಆಕ್ಸಿಟಾನ್ ಭಾಷೆಯಲ್ಲಿ ಟ್ರೂಬದೂರ್ ಕವಿಗಳ ಶ್ರೀಮಂತ ಪರಂಪರೆಯಿತ್ತು. ಪಶ್ಚಿಮದಲ್ಲಿ ಬ್ರೆಟನ್, ನೈಋತ್ಯದಲ್ಲಿ ಬಾಸ್ಕ್ ಭಾಷೆಗಳಿದ್ದವು. ಪ್ಯಾರಿಸಿನ ಸುತ್ತಣ ಪ್ರದೇಶದ ಉತ್ತರದ ಮಾತು ಮೇಲುಗೈ ಪಡೆದದ್ದು ಅಲ್ಲಿ ಅರಸರ ಆಸ್ಥಾನವಿದ್ದುದರಿಂದ. ಕವಿರಾಜಮಾರ್ಗಕಾರನೂ ಕಿಸುವೊೞಲ್, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಪ್ರದೇಶವನ್ನು ಕನ್ನಡದ ತಿರುಳೆಂದು ಗುರುತಿಸಿದ್ದಾನೆ. ಆದರೆ ಅವನೇ ದೇಸಿಯ ಭೇದಗಳು ಎಣಿಕೆಗೆ ಮೀರಿದವೆಂದೂ, ಅವುಗಳನ್ನು ಅರಿಯಹೊರಟರೆ ವಾಸುಕಿಗೂ ಬೇಸರವಾದೀತೆಂದೂ ಹೇಳಿ ಅವುಗಳ ಇರವನ್ನು ಒಪ್ಪಿಕೊಂಡಿದ್ದಾನೆ. ಫ್ರಾನ್ಸಿನ ಪ್ರಭುತ್ವ ಹಿಡಿದ ದಾರಿ ಬೇರೆ.

ಆ ದಾರಿಯ ಮೈಲಿಗಲ್ಲುಗಳು ನಾಲ್ಕು. 1539ರಲ್ಲಿ ಮೊದಲನೆಯ ಫ್ರಾನ್ಸ್ವಾ ದೊರೆ ವಿಲ್ಲೆರ್-ಕೊತ್ರೆ ಎಂಬಲ್ಲಿ ಹೊರಡಿಸಿದ ಶಾಸನದ ಪ್ರಕಾರ ನ್ಯಾಯಾಲಯದ ತೀರ್ಪು ಮತ್ತು ದಸ್ತಾವೇಜುಗಳೆಲ್ಲವೂ ಫ್ರೆಂಚಿನಲ್ಲಿಯೇ ಇರಬೇಕಾಯಿತು. ಇದರಿಂದ ಪದಚ್ಯುತವಾದದ್ದು ಲ್ಯಾಟಿನ್. ಜೊತೆಗೆ ಪ್ರಾಂತಭಾಷೆಗಳೂ ಕಚೇರಿಯಿಂದ ಹೊರಬಿದ್ದವು. 1635ರಲ್ಲಿ ರಿಶೆಲ್ಯೂ ಫ್ರೆಂಚ್ ಅಕಾಡೆಮಿಯನ್ನು ಸ್ಥಾಪಿಸಿದನು; ಅದರ ನಿಘಂಟು 1694ರಲ್ಲಿ ಹೊರಬಂದಿತು. ಕಿಟೆಲ್ ಅವರ ಕನ್ನಡ ನಿಘಂಟು ಪ್ರಕಟವಾದದ್ದು 1894ರಲ್ಲಿ, ಅಂದರೆ ಸರಿಯಾಗಿ ಇನ್ನೂರು ವರ್ಷಗಳ ತರುವಾಯ. ಅದೂ ಪ್ರಭುತ್ವದ ನಿರ್ಧಾರದಿಂದಲ್ಲ, ಮಿಷನರಿ ವಿದ್ವಾಂಸರೊಬ್ಬರ ಜೀವಮಾನದ ದುಡಿಮೆಯಿಂದ.

ಮೂರನೆಯದು ಮಹಾಕ್ರಾಂತಿಯ ಕಾಲದ್ದು. 1794ರಲ್ಲಿ ಅಬ್ಬೆ ಗ್ರೆಗ್ವಾರ್ ರಾಷ್ಟ್ರೀಯ ಸಭೆಗೆ ಒಂದು ವರದಿಯನ್ನು ಸಲ್ಲಿಸಿದನು. ಅದರ ಪ್ರಕಾರ ಕನಿಷ್ಠ 60 ಲಕ್ಷ ಫ್ರೆಂಚರಿಗೆ ರಾಷ್ಟ್ರಭಾಷೆಯೇ ತಿಳಿಯದು. ಹೆಚ್ಚುಕಡಿಮೆ ಅಷ್ಟೇ ಮಂದಿಗೆ ಅದರಲ್ಲಿ ಸರಾಗವಾಗಿ ಸಂಭಾಷಿಸಲಾಗದು. ಶುದ್ಧವಾಗಿ ಆಡಬಲ್ಲವರು 30 ಲಕ್ಷಕ್ಕಿಂತ ಹೆಚ್ಚಿಲ್ಲ. ಸ್ವಾತಂತ್ರ್ಯ ಸಮಾನತೆಗಳನ್ನು ಸಾರಿದ ಕ್ರಾಂತಿಕಾರರೇ ಪ್ರಾಂತೀಯ ಮಾತುಗಳನ್ನು ನಿರ್ಮೂಲಮಾಡಬೇಕೆಂದು ಆ ವರದಿಯಲ್ಲಿ ವಾದಿಸಿದರು. ಕಾನೂನು ಎಲ್ಲರಿಗೂ ತಿಳಿಯಬೇಕಾದರೆ ಎಲ್ಲರಿಗೂ ಒಂದೇ ಭಾಷೆ ಇರಬೇಕೆಂಬುದು ಅವರ ತರ್ಕ. ನಾಲ್ಕನೆಯದು 1881–82ರಲ್ಲಿ ಜೂಲ್ ಫೆರಿ ತಂದ ಶಿಕ್ಷಣ ಕಾನೂನುಗಳು. ಉಚಿತವೂ ಕಡ್ಡಾಯವೂ ಆದ ಶಾಲೆ ಪ್ರತಿ ಹಳ್ಳಿಗೂ ಫ್ರೆಂಚನ್ನು ಒಯ್ದಿತು. ಶಾಲೆಯಲ್ಲಿ ಬ್ರೆಟನ್ ಅಥವಾ ಆಕ್ಸಿಟಾನ್ ಆಡಿದ ಮಗುವಿಗೆ ಮರದ ತುಂಡನ್ನೋ ಹಳೆಯ ಮೆಟ್ಟನ್ನೋ ಅವಮಾನದ ಗುರುತಾಗಿ ಕೊಡುತ್ತಿದ್ದರು. ಆ ಮಗು ತನ್ನಂತೆಯೇ ಮನೆಮಾತಾಡುವ ಇನ್ನೊಂದು ಮಗುವನ್ನು ಹಿಡಿದು ಅದನ್ನು ದಾಟಿಸಬೇಕಾಗಿತ್ತು.

ನಮ್ಮ ಕಾನ್ವೆಂಟುಗಳಲ್ಲಿ ಕನ್ನಡವಾಡಿ ದಂಡ ತೆತ್ತವರಿಗೆ ಈ ಪದ್ಧತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಫ್ರೆಂಚಿನ ಹರವು ಮೊದಲು ಸಂಭವಿಸಿದ್ದು ಫ್ರಾನ್ಸಿನ ಒಳಗೆ. ಅದರ ಬೆಲೆಯನ್ನು ಮೊದಲು ತೆತ್ತವರೂ ಫ್ರಾನ್ಸಿನ ಮಕ್ಕಳೇ.

6. ಇಂಗ್ಲಿಷಿನ ಮೂಲಕ ನಮ್ಮ ನಾಲಗೆಗೆ

1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಮುಂದೆ ಸುಮಾರು ಮೂರು ಶತಮಾನಗಳ ಕಾಲ ಅಲ್ಲಿನ ಆಸ್ಥಾನ ಮತ್ತು ನ್ಯಾಯಾಲಯಗಳಲ್ಲಿ ಫ್ರೆಂಚ್ ಮೆರೆಯಿತು. ಫ್ರೆಂಚ್ ಜನರಿಗೆ ತಿಳಿಯದ ಕಾರಣ ನ್ಯಾಯಾಲಯದ ವಾದವಿವಾದ ಇಂಗ್ಲಿಷಿನಲ್ಲಿ ನಡೆಯಲೆಂದು 1362ರಲ್ಲಿ ಕಾನೂನಾಯಿತು. ಆ ಕಾನೂನನ್ನೂ ಬರೆದದ್ದು ಫ್ರೆಂಚಿನಲ್ಲಿಯೇ. ನ್ಯಾಯಾಲಯದ ಬರವಣಿಗೆಯಲ್ಲಿ ಇಂಗ್ಲಿಷ್ ಕಡ್ಡಾಯವಾದದ್ದು 1733ರಲ್ಲಿ. ಜನರ ಭಾಷೆ ನ್ಯಾಯಾಲಯದ ಮೆಟ್ಟಿಲೇರುವುದು ಎಷ್ಟು ನಿಧಾನದ ಕೆಲಸವೆಂಬುದಕ್ಕೆ ಸ್ವತಃ ಇಂಗ್ಲಿಷೇ ಸಾಕ್ಷಿ.

ಈ ಕಾರಣದಿಂದ ನಾವು ‘ಇಂಗ್ಲಿಷ್ ಪದ’ಗಳೆಂದು ಬಗೆದು ದಿನನಿತ್ಯ ಬಳಸುವ ಎಷ್ಟೋ ಮಾತುಗಳು ವಾಸ್ತವವಾಗಿ ಫ್ರೆಂಚಿನವು. ಕೋರ್ಟು, ಜಡ್ಜು, ಅಪೀಲು, ವಾರಂಟು, ಸಮನ್ಸು, ಪೊಲೀಸು ಇವೆಲ್ಲವೂ ಆ ದಾರಿಯಲ್ಲಿ ಬಂದವು. ಜೈಲಿನ ಮೂಲ ಪಂಜರವೆಂಬ ಅರ್ಥದ ಹಳೆಯ ಫ್ರೆಂಚ್ ಪದ. ಪಾರ್ಲಿಮೆಂಟು ‘ಮಾತನಾಡು’ ಎಂಬ ಕ್ರಿಯಾಪದದಿಂದ ಹುಟ್ಟಿದ್ದು. ಬಜೆಟ್ಟೆಂದರೆ ಮೂಲದಲ್ಲಿ ಸಣ್ಣ ಚರ್ಮದ ಚೀಲ. ಟಿಕೆಟ್ಟೆಂದರೆ ಅಂಟಿಸಿದ ಚೀಟಿ. ಕೂಪನ್ನೆಂದರೆ ಕತ್ತರಿಸಿದ ತುಂಡು. ಡಜನ್, ಹೋಟೆಲು, ಗ್ಯಾರೇಜು, ಮೆಷೀನು ಎಂಬ ಪದಗಳೂ ಹೀಗೆಯೇ ಬಂದವು. ಮಣಲಿಯ ರಸ್ತೆಯಲ್ಲಿ ದಿನವಿಡೀ ಓಡಾಡುವ ಟ್ಯಾಂಕರ್ ಲಾರಿಗಳು ಹೊತ್ತೊಯ್ಯುವ ‘ಪೆಟ್ರೋಲ್’ ಕೂಡ ಇಂಗ್ಲಿಷಿಗೆ ಫ್ರೆಂಚಿನಿಂದ ಬಂದ ಹೆಸರೇ.

ಹೊಲದಿಂದ ಮನೆಗೆ ಬಂದು “ಕೋರ್ಟಿನಲ್ಲಿ ಅಪೀಲು ಹಾಕಿದ್ದೇನೆ” ಎನ್ನುವ ನಮ್ಮ ರೈತ, ತನಗರಿಯದೆಯೇ ನಾರ್ಮನ್ ದೊರೆಗಳ ನ್ಯಾಯಾಲಯದ ಮಾತನ್ನು ಆಡುತ್ತಾನೆ. ಅವನ ವಾಕ್ಯದ ವಿಭಕ್ತಿ ಮತ್ತು ಕ್ರಿಯಾಪದಗಳು ಮಾತ್ರ ಅಚ್ಚಗನ್ನಡ. ಎರವಲು ಪದ ಕನ್ನಡದ ಪ್ರತ್ಯಯವನ್ನು ತೊಟ್ಟುಕೊಂಡ ಮೇಲೆ ಕನ್ನಡದ್ದೇ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ.

7. ಕಡಲಾಚೆಯ ಹರವು

17 ಮತ್ತು 18ನೆಯ ಶತಮಾನಗಳಲ್ಲಿ ಫ್ರೆಂಚ್ ಯೂರೋಪಿನ ರಾಜತಾಂತ್ರಿಕ ಭಾಷೆಯಾಯಿತು. 1714ರ ರಾಸ್ಟಾಟ್ ಒಪ್ಪಂದವನ್ನು ಫ್ರೆಂಚಿನಲ್ಲಿ ಬರೆಯಲಾಯಿತು. ಪ್ರಷ್ಯ, ರಷ್ಯಗಳ ಆಸ್ಥಾನಗಳಲ್ಲಿ ಅದು ಶಿಷ್ಟರ ಮಾತಾಗಿತ್ತು. ಫ್ರೆಂಚ್ ಏಕೆ ವಿಶ್ವಭಾಷೆಯಾಯಿತೆಂಬುದನ್ನು ವಿವರಿಸಿ 1784ರಲ್ಲಿ ಬರ್ಲಿನ್ ಅಕಾಡೆಮಿಯ ಬಹುಮಾನ ಪಡೆದ ರಿವಾರೋಲ್, ಅದಕ್ಕೆ ಆ ಭಾಷೆಯ ಸಹಜ ಸ್ಪಷ್ಟತೆಯೇ ಕಾರಣವೆಂದನು. 1919ರ ವರ್ಸೇಲ್ಸ್ ಒಪ್ಪಂದದಲ್ಲಿ ಇಂಗ್ಲಿಷಿಗೂ ಸಮಾನ ಮಾನ್ಯತೆ ದೊರೆತಾಗ ಫ್ರೆಂಚಿನ ಏಕಸ್ವಾಮ್ಯ ಕೊನೆಗೊಂಡಿತು. ಈ ನಡುವೆ ಆ ಭಾಷೆಯ ಸ್ಪಷ್ಟತೆಯೇನೂ ಕುಂದಿರಲಿಲ್ಲ. ಬದಲಾದದ್ದು ಅಧಿಕಾರದ ನೆಲೆ.

ಇನ್ನೊಂದು ಕಡೆ ವಸಾಹತುಗಳು. 1608ರಲ್ಲಿ ಶಾಂಪ್ಲೇನ್ ಕೆಬೆಕ್ ನಗರವನ್ನು ಸ್ಥಾಪಿಸಿದನು. 1763ರ ಪ್ಯಾರಿಸ್ ಒಪ್ಪಂದದಿಂದ ಕೆನಡಾ ಇಂಗ್ಲಿಷರ ಪಾಲಾದರೂ ಅಲ್ಲಿನ ಫ್ರೆಂಚರು ಭಾಷೆಯನ್ನು ಬಿಡಲಿಲ್ಲ. 1977ರಲ್ಲಿ ಕೆಬೆಕ್ ಪ್ರಾಂತ ಫ್ರೆಂಚ್ ಭಾಷಾ ಸನ್ನದನ್ನು ಕಾನೂನಾಗಿಸಿ ಆಡಳಿತ, ಉದ್ಯೋಗ ಮತ್ತು ಶಾಲೆಗಳಲ್ಲಿ ಅದನ್ನು ಭದ್ರಪಡಿಸಿತು. ಇಂಗ್ಲಿಷಿನ ಕಡಲ ನಡುವೆ ಫ್ರೆಂಚ್ ಅಲ್ಲಿ ಅಲ್ಪಸಂಖ್ಯಾತರ ಭಾಷೆ. ಹೊರನಾಡ ಕನ್ನಡಿಗರಿಗೆ ಪ್ಯಾರಿಸಿಗಿಂತ ಕೆಬೆಕ್ ಹತ್ತಿರದ ಬಂಧು. ಹೈಟಿಯಲ್ಲಿ ಗುಲಾಮರಾಗಿದ್ದವರು ದಂಗೆಯೆದ್ದು 1804ರಲ್ಲಿ ಸ್ವತಂತ್ರರಾದರು. ಫ್ರೆಂಚ್ ಪದಗಳಿಂದಲೇ ಕಟ್ಟಿದ ಅವರ ಕ್ರಿಯೋಲ್ ಭಾಷೆಗೆ 1987ರ ಸಂವಿಧಾನ ಫ್ರೆಂಚಿಗೆ ಸಮನಾದ ಅಧಿಕೃತ ಸ್ಥಾನವನ್ನು ನೀಡಿತು.

ಆಫ್ರಿಕದಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ದೇಶಗಳ ಆಳ್ವಿಕೆ ಬಿಟ್ಟುಹೋದ ಫ್ರೆಂಚ್ ಸ್ವಾತಂತ್ರ್ಯಾನಂತರವೂ ಉಳಿಯಿತು. ಸೆನೆಗಲ್ ದೇಶದ ಮೊದಲ ಅಧ್ಯಕ್ಷರೂ ಕವಿಯೂ ಆದ ಸೆಂಗೋರ್ 1983ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದರು. 1970ರ ಮಾರ್ಚ್ 20ರಂದು ನೈಜರ್ ದೇಶದ ನಿಯಾಮೆಯಲ್ಲಿ ಫ್ರೆಂಚ್ ಭಾಷಿಕ ದೇಶಗಳ ಸಂಘಟನೆಗೆ ಅಡಿಪಾಯ ಬಿದ್ದಿತು. ಆ ಸಂಘಟನೆಯ 2022ರ ವರದಿಯಂತೆ ಜಗತ್ತಿನಲ್ಲಿ ಫ್ರೆಂಚ್ ಬಲ್ಲವರು ಸುಮಾರು 32 ಕೋಟಿ 10 ಲಕ್ಷ. ಇವರಲ್ಲಿ ಬಹುಪಾಲು ಜನ ಆಫ್ರಿಕದವರು. ಫ್ರೆಂಚನ್ನು ಅಧಿಕೃತ ಭಾಷೆಯಾಗಿ ಹೊಂದಿರುವ ದೇಶಗಳಲ್ಲಿ ಜನಸಂಖ್ಯೆಯಲ್ಲಿ ದೊಡ್ಡದು ಫ್ರಾನ್ಸ್ ಅಲ್ಲ, ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ. ಆದರೆ ಅಲ್ಲಿಯೂ ಫ್ರೆಂಚಿನ ನೆಲೆ ಅಲುಗಾಡದಿರಲಿಲ್ಲ. ರುವಾಂಡ 2008ರಲ್ಲಿ ಶಿಕ್ಷಣ ಮಾಧ್ಯಮವನ್ನು ಇಂಗ್ಲಿಷಿಗೆ ಬದಲಿಸಿತು. ಮಾಲಿ ದೇಶದ 2023ರ ಸಂವಿಧಾನ ನಾಡಿನ ಭಾಷೆಗಳನ್ನು ಅಧಿಕೃತವಾಗಿಸಿ ಫ್ರೆಂಚನ್ನು ಕೇವಲ ಕಾರ್ಯಭಾಷೆಯಾಗಿ ಉಳಿಸಿಕೊಂಡಿತು. ಅಧಿಕಾರದ ಬೆನ್ನೇರಿ ಬಂದ ಭಾಷೆ ಅಧಿಕಾರ ಸರಿದಾಗ ಮತ್ತೆ ಜನರ ಒಪ್ಪಿಗೆಯನ್ನು ಕೇಳಿ ಪಡೆಯಬೇಕಾಗುತ್ತದೆ.

8. ದಕ್ಷಿಣ ಭಾರತ ಮತ್ತು ಕನ್ನಡ ನಾಡು

ಫ್ರೆಂಚರ ಈಸ್ಟ್ ಇಂಡಿಯಾ ಕಂಪನಿ ಸ್ಥಾಪಿತವಾದದ್ದು 1664ರಲ್ಲಿ. 1672ರಲ್ಲಿ ಅವರು ಇಂದಿನ ಚೆನ್ನೈಯ ಸಾಂತೋಮ್ ಪ್ರದೇಶವನ್ನು ಹಿಡಿದು ಎರಡು ವರ್ಷಗಳ ತರುವಾಯ ಬಿಟ್ಟುಕೊಟ್ಟರು. 1674ರಿಂದ ಪಾಂಡಿಚೇರಿ ಅವರ ಮುಖ್ಯ ನೆಲೆಯಾಯಿತು. 1746ರ ಸೆಪ್ಟೆಂಬರಿನಲ್ಲಿ ಲಾ ಬೂರ್ದೊನೇ ಮದರಾಸನ್ನು ವಶಪಡಿಸಿಕೊಂಡನು. ಒಪ್ಪಂದದ ಮೇರೆಗೆ 1749ರಲ್ಲಿ ಅದು ಇಂಗ್ಲಿಷರಿಗೆ ಮರಳಿತು. ಚೆನ್ನೈ ನಗರ ಹೀಗೆ ಸುಮಾರು ಮೂರು ವರ್ಷ ಫ್ರೆಂಚರ ಕೈಯಲ್ಲಿತ್ತು. ಯುದ್ಧಗಳ ಫಲಿತಾಂಶ ಬೇರೆಯಾಗಿದ್ದರೆ ನಾವಿಂದು ‘ಇಂಗ್ಲಿಷ್ ವ್ಯಾಮೋಹ’ದ ಬದಲು ಬೇರೊಂದು ವ್ಯಾಮೋಹವನ್ನು ಕುರಿತು ಚರ್ಚಿಸುತ್ತಿದ್ದೆವೇನೋ. ಪಾಂಡಿಚೇರಿಯ ಆಡಳಿತ 1954ರ ನವೆಂಬರ್ 1ರಂದು ಭಾರತಕ್ಕೆ ಬಂದಿತು. ಕಾನೂನುರೀತ್ಯಾ ಹಸ್ತಾಂತರ ಪೂರ್ಣವಾದದ್ದು 1962ರ ಆಗಸ್ಟ್ 16ರಂದು. ಜನಪ್ರತಿನಿಧಿಗಳು ಬೇರೆ ನಿರ್ಧಾರ ಕೈಗೊಳ್ಳುವವರೆಗೆ ಅಲ್ಲಿ ಫ್ರೆಂಚ್ ಅಧಿಕೃತ ಭಾಷೆಯಾಗಿರುತ್ತದೆಂದು 1956ರ ಒಪ್ಪಂದ ಹೇಳಿತು. ಬೀದಿಗಳ ಹೆಸರುಗಳಲ್ಲಿ, ಪೊಲೀಸರ ಕೆಂಪು ಟೋಪಿಯಲ್ಲಿ ಆ ಕಾಲದ ಗುರುತು ಉಳಿದಿದೆ. ಮಾರುಕಟ್ಟೆಯ ಮಾತು ಮಾತ್ರ ತಮಿಳೇ.

ಕನ್ನಡ ನಾಡಿಗೂ ಫ್ರೆಂಚಿಗೂ ಇದ್ದ ನಂಟು ರಾಜಕೀಯದ್ದು, ಧರ್ಮಪ್ರಚಾರದ್ದು, ವಿದ್ವತ್ತಿನದು. ಹೈದರಾಲಿಯ ಮತ್ತು ಟಿಪ್ಪುವಿನ ಸೈನ್ಯಗಳಲ್ಲಿ ಫ್ರೆಂಚ್ ಸೈನಿಕರಿದ್ದರು. 1788ರಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ಫ್ರಾನ್ಸಿಗೆ ಹೋಗಿ 16ನೆಯ ಲೂಯಿಯನ್ನು ಕಂಡರು. ಹೈದರಾಲಿಯನ್ನು ಕುರಿತು ಮೇತ್ರ್ ದ ಲಾ ತೂರ್ ಬರೆದ ಚರಿತ್ರೆ 1783ರಲ್ಲಿಯೂ, ಮೈಸೂರು ರಾಜ್ಯದ ಏಳುಬೀಳುಗಳನ್ನು ಕುರಿತು ಮಿಶೋ ಬರೆದ ಗ್ರಂಥ 1801ರಲ್ಲಿಯೂ ಫ್ರೆಂಚಿನಲ್ಲಿ ಪ್ರಕಟವಾದವು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಅಬ್ಬೆ ದ್ಯುಬುವಾ 1823ರವರೆಗೆ ಭಾರತದಲ್ಲಿದ್ದರು. ಇಲ್ಲಿ ಸಿಡುಬಿಗೆ ಲಸಿಕೆ ಹಾಕಿಸುವ ಕಾರ್ಯದಲ್ಲಿಯೂ ಶ್ರಮಿಸಿದರು. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಅವರ ಪ್ರಸಿದ್ಧ ಕೃತಿ ಮೊದಲು ಬೆಳಕು ಕಂಡದ್ದು 1816ರಲ್ಲಿ, ಇಂಗ್ಲಿಷ್ ಅನುವಾದದಲ್ಲಿ. ಅದರ ಬಹುಭಾಗಕ್ಕೆ ಪಾಂಡಿಚೇರಿಯ ಜೆಸ್ವಿಟ್ ಪಾದ್ರಿ ಕೆರ್ದೂ ಅವರ ಬರಹ ಆಧಾರವೆಂಬುದನ್ನು ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಇದೇ ಕೆರ್ದೂ ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ನಂಟನ್ನು 1767ರಲ್ಲಿಯೇ ಪ್ಯಾರಿಸಿನ ವಿದ್ವಾಂಸರಿಗೆ ಬರೆದು ತಿಳಿಸಿದ್ದರು. ಅದು ಅಚ್ಚಾದದ್ದು 1808ರಲ್ಲಿ. ಅಷ್ಟರಲ್ಲಿ 1786ರ ಭಾಷಣದಿಂದ ವಿಲಿಯಂ ಜೋನ್ಸ್ ಅವರ ಹೆಸರು ಆ ಶೋಧದೊಂದಿಗೆ ಬೆರೆತುಹೋಗಿತ್ತು.

20ನೆಯ ಶತಮಾನದಲ್ಲಿ ಜೂಲ್ ಬ್ಲಾಕ್ ಅವರು ದ್ರಾವಿಡ ಭಾಷೆಗಳ ವ್ಯಾಕರಣ ರಚನೆಯನ್ನು ಕುರಿತು 1946ರಲ್ಲಿ ಫ್ರೆಂಚಿನಲ್ಲಿ ಗ್ರಂಥ ಬರೆದರು. 1955ರಲ್ಲಿ ಆರಂಭವಾದ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ ತಾಳೆಗರಿಗಳ ಸಂಗ್ರಹಕ್ಕೆ ಹೆಸರಾಯಿತು. ಅಲ್ಲಿನ ಶೈವ ಹಸ್ತಪ್ರತಿಗಳು 2005ರಲ್ಲಿ ಯುನೆಸ್ಕೊದ ವಿಶ್ವಸ್ಮೃತಿ ಪಟ್ಟಿಗೆ ಸೇರಿದವು. ಸಾಹಿತ್ಯಕ್ಷೇತ್ರದಲ್ಲಿ ಮೋಲಿಯೇರನ ನಾಟಕವನ್ನು ಎ.ಎನ್. ಮೂರ್ತಿರಾಯರು ‘ಆಷಾಢಭೂತಿ’ಯಾಗಿ ಕನ್ನಡಕ್ಕೆ ಅಳವಡಿಸಿದರು, ಬೋದಿಲೇರನ ಕವಿತೆಗಳನ್ನು ಪಿ. ಲಂಕೇಶರು ‘ಪಾಪದ ಹೂಗಳು’ ಎಂಬ ಹೆಸರಿನಲ್ಲಿ ತಂದರು. ಒಟ್ಟಾರೆ ನೋಡಿದರೆ ಫ್ರೆಂಚ್ ಸಾಹಿತ್ಯ ಕನ್ನಡಕ್ಕೆ ಬಂದದ್ದು ಬಹುಮಟ್ಟಿಗೆ ಇಂಗ್ಲಿಷಿನ ಹೊಸ್ತಿಲನ್ನು ದಾಟಿಯೇ.

9. ಉಪಸಂಹಾರ

ಈವರೆಗಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಫ್ರೆಂಚ್ ಹರಡಿದ್ದು ಅದು ಹಳೆಯದೆಂದಲ್ಲ, ಸ್ಪಷ್ಟವೆಂದಲ್ಲ, ಮಧುರವೆಂದೂ ಅಲ್ಲ. ಕಚೇರಿ ಅದನ್ನು ಬರೆಯಿತು, ಕೋಶ ಅದನ್ನು ಕಟ್ಟಿತು, ಶಾಲೆ ಅದನ್ನು ಕಲಿಸಿತು, ಹಡಗು ಅದನ್ನು ಹೊತ್ತೊಯ್ದಿತು. ಇವುಗಳಲ್ಲಿ ಹಡಗಿನ ದಾರಿ ನಮಗೆ ಬೇಡ. ಮಕ್ಕಳ ಕೈಗೆ ಅವಮಾನದ ಗುರುತನ್ನು ಕೊಡುವ ಶಾಲೆಯ ದಾರಿಯೂ ಬೇಡ. ತುಳು, ಕೊಡವ, ಬ್ಯಾರಿ, ಕೊಂಕಣಿಗಳನ್ನಾಡುವ ಮಕ್ಕಳು ನಮ್ಮ ತರಗತಿಗಳಲ್ಲಿಯೂ ಇದ್ದಾರೆಂಬುದನ್ನು ಕನ್ನಡದ ಅಧ್ಯಾಪಕರು ಮರೆಯಬಾರದು. ಉಳಿದವು ನಮ್ಮ ಕೈಯಲ್ಲಿರುವ ಕೆಲಸಗಳು. ಕರ್ನಾಟಕದ ರಾಜಭಾಷಾ ಕಾನೂನು 1963ರಲ್ಲಿಯೇ ಬಂದಿದೆ. ಮೇಲಿನ ನ್ಯಾಯಾಲಯಗಳಲ್ಲಿ, ವಿಜ್ಞಾನದ ಬರವಣಿಗೆಯಲ್ಲಿ, ಉದ್ಯೋಗದಲ್ಲಿ ಕನ್ನಡ ನಡೆಯುವಂತಾದರೆ ಕಲಿಯುವವರನ್ನು ನಾವು ಬೇಡಿಕೊಳ್ಳಬೇಕಾಗಿಲ್ಲ.

ಕನ್ನಡದ ಸಂಶೋಧಕರು ಫ್ರೆಂಚನ್ನು ಕಲಿಯಬೇಕಾದ ಅಗತ್ಯವೂ ಇದೆ. ಮೈಸೂರಿನ ಚರಿತ್ರೆಗೆ ಸಂಬಂಧಿಸಿದ ಗ್ರಂಥಗಳು, ಮಿಷನರಿಗಳ ಪತ್ರಗಳು, ದ್ರಾವಿಡ ಭಾಷಾವಿಜ್ಞಾನದ ಬರಹಗಳು ಆ ಭಾಷೆಯಲ್ಲಿವೆ. ಅವುಗಳನ್ನು ಇಂಗ್ಲಿಷಿನ ಹಂಗಿಲ್ಲದೆ ಓದಬಲ್ಲ ಕನ್ನಡಿಗರು ನಮಗೆ ಬೇಕು.

ಇದನ್ನೆಲ್ಲ ಓದಿ ತಿಳಿದುಕೊಂಡ ಬಳಿಕ ನೆರೆಮನೆಯ ಹುಡುಗಿಯೊಡನೆ ಮತ್ತೆ ಮಾತನಾಡಿದೆ. ಫ್ರೆಂಚನ್ನು ಬಿಡೆಂದು ನಾನು ಹೇಳಲಿಲ್ಲ. ಅಂಕಕ್ಕಾಗಿ ಅಲ್ಲದೆ ಓದುವುದಕ್ಕಾಗಿ ಕಲಿ ಎಂದೆ. ಬ್ರಿಟನಿಯ ಮಕ್ಕಳ ಕೈಗೆ ಕೊಡುತ್ತಿದ್ದ ಮರದ ತುಂಡಿನ ಸಂಗತಿ ಅವಳ ಪಠ್ಯದಲ್ಲಿ ಇರಲಿಲ್ಲ. ಅದನ್ನು ಕೇಳಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮನೆಯಲ್ಲಿ ಮಾತ್ರ ಇರುವ ಭಾಷೆ ಎರಡು ತಲೆಮಾರುಗಳಲ್ಲಿ ಮನೆಯನ್ನೂ ಬಿಡುತ್ತದೆಂಬುದು ಬ್ರೆಟನ್ ಭಾಷೆಯ ಅನುಭವ ಎಂದೆ. ಅವಳು ಕನ್ನಡವನ್ನು ಸರಾಗವಾಗಿ ಆಡಬಲ್ಲಳು, ಓದಲು ಬಾರದು. ಈಗ ಭಾನುವಾರದ ಬೆಳಿಗ್ಗೆ ನಮ್ಮ ಮನೆಗೆ ಬಂದು ಅಕ್ಷರ ತಿದ್ದುತ್ತಾಳೆ. ಜೊತೆಗೆ ಅವಳ ತಮ್ಮನೂ ಬರುತ್ತಾನೆ.